ಕಂದೀಲು ಬರಲಿ, ಎಣ್ಣೆ ಊರಲ್ಲೇ ಇರಲಿ

ನವೆಂಬರ್ ಬಂತೆಂದರೆ ಪುಣೆಯ ನಮ್ಮ ಕನ್ನಡ ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಮಳೆ ನಿಂತು, ಸಹ್ಯಾದ್ರಿಯ ದಾರಿಗಳಲ್ಲಿ ಕೆಸರು ಆರಿ, ಎಲ್ಲರೂ ಟೆಂಟು ಹೊಡೆಯಲು ಜಾಗ ಹುಡುಕುವ ಹೊತ್ತು ಅದು. ದೀಪಾವಳಿಗೆ ಊರಿಗೆ ಹೋದವರೊಬ್ಬರು ಅಟ್ಟದಿಂದ ಧೂಳು ಹಿಡಿದ ಕಂದೀಲು ಇಳಿಸಿ ಫೋಟೊ ಹಾಕುತ್ತಾರೆ. ಕೆಳಗೆ ಒಂದೇ ಸಾಲು: ‘ಇದನ್ನ ತರ್ಲಾ?’

ಹತ್ತು ನಿಮಿಷದಲ್ಲಿ ನಲವತ್ತು ಉತ್ತರ. ಹುಬ್ಬಳ್ಳಿಯವ ತಾ ಅನ್ನುತ್ತಾನೆ, ಶಿರಸಿಯವ ‘ಅದು ಕಂದೀಲಲ್ಲ, ಲಾಟೀನು’ ಎಂದು ತಿದ್ದುತ್ತಾನೆ, ಬಳ್ಳಾರಿಯವ ನೂರು ರೂಪಾಯಿಗೆ ಎಲ್‌ಇಡಿ ಸಿಗುವಾಗ ಇದೆಂಥ ಹುಚ್ಚು ಎಂದು ಕೇಳುತ್ತಾನೆ. ನನ್ನ ಉತ್ತರ ಮಾತ್ರ ಏಳೆಂಟು ವರ್ಷದಿಂದ ಬದಲಾಗಿಲ್ಲ. ಕಂದೀಲು ತನ್ನಿ, ಎಣ್ಣೆಯನ್ನು ಒಂದು ಹನಿಯೂ ತರಬೇಡಿ.

ಎರಡನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ‘ಬುಡದಾಗ ಅರ್ಧ ವಾಟಗಾ ಎಣ್ಣಿ ಇದ್ರ ಏನ್ ಆಗ್ತೈತಿ ಬಿಡೋ’ ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಏನಾಗುತ್ತದೆ ಎಂದು ತಿಳಿಯಲು ಕಂದೀಲಿನ ರಚನೆ ನೋಡಬೇಕು. ಎಣ್ಣೆಬುಡ್ಡಿಯ ಪಕ್ಕದ ಮುಚ್ಚಳವನ್ನು ನೀವು ಎಷ್ಟೇ ಗಟ್ಟಿಯಾಗಿ ತಿರುಗಿಸಿ, ಬುಡ್ಡಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ನಡುವೆ ಬತ್ತಿ ಹಾಯುವ ಸೀಳು ಇದೆ. ಎಣ್ಣೆ ಇಳಿದಂತೆ ಒಳಗೆ ಗಾಳಿ ಹೋಗಲೇಬೇಕು, ಇಲ್ಲದಿದ್ದರೆ ಬತ್ತಿಗೆ ಎಣ್ಣೆ ಏರುವುದಿಲ್ಲ. ಹಾಗಾಗಿ ಬರ್ನರ್‌ನ ಸುತ್ತ ಸಂದುಗಳು ಬೇಕೆಂದೇ ಇರುತ್ತವೆ. ನೇರ ನಿಂತಾಗ ತೊಂದರೆಯಿಲ್ಲ. ಬರ್ತಿನ ಕೆಳಗೆ ಮಲಗಿಸಿದರೆ, ಘಾಟಿನ ತಿರುವಿನಲ್ಲಿ ಉರುಳಿದರೆ, ಅಲ್ಲಿಂದ ಎಣ್ಣೆ ಸದ್ದಿಲ್ಲದೆ ಜಿನುಗುತ್ತದೆ. ಬೆಳಗ್ಗೆ ಪುಣೆ ಸ್ಟೇಷನ್ನಿನಲ್ಲಿ ಚೀಲ ಎತ್ತಿದಾಗ ಪಕ್ಕದವರ ಹಾಸಿಗೆ, ನಿಮ್ಮ ಲ್ಯಾಪ್‌ಟಾಪ್ ಚೀಲ, ಅವ್ವ ಕಟ್ಟಿಕೊಟ್ಟ ಚಟ್ನಿಪುಡಿ ಎಲ್ಲಕ್ಕೂ ಅದೇ ವಾಸನೆ. ಅದು ವಾಸನೆಗಷ್ಟೇ ಮುಗಿದರೆ ನಿಮ್ಮ ಪುಣ್ಯ. ಎಣ್ಣೆ ಕುಡಿದ ಬಟ್ಟೆ ಬತ್ತಿಯಂತೆಯೇ ಕೆಲಸ ಮಾಡುತ್ತದೆ. ಕಡ್ಡಿ ತಾಗಿದರೆ ಹೊತ್ತಿಕೊಳ್ಳದೆ ಬಿಡುವುದಿಲ್ಲ.

ರೈಲಿನಲ್ಲಿ ಸೀಮೆಎಣ್ಣೆ ಒಯ್ಯುವುದು ನಿಷಿದ್ಧ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನ ಪ್ರಕಾರ ಅಪಾಯಕಾರಿ ವಸ್ತು ಒಯ್ದರೆ ಮೂರು ವರ್ಷದವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದರಿಂದಾದ ನಷ್ಟವನ್ನೂ ನೀವೇ ತುಂಬಿಕೊಡಬೇಕು. ದಂಡದ ಮೊತ್ತ ನೋಡಿ ನಕ್ಕವರಿದ್ದಾರೆ. ಅವರಿಗೆ ನಾನು ಮದುರೈ ನೆನಪಿಸುತ್ತೇನೆ. 2023ರ ಆಗಸ್ಟ್ 26ರ ನಸುಕಿನಲ್ಲಿ ಮದುರೈ ನಿಲ್ದಾಣದ ಬಳಿ ನಿಲ್ಲಿಸಿದ್ದ ಪ್ರವಾಸಿಗರ ಬೋಗಿಗೆ ಬೆಂಕಿ ಬಿತ್ತು. ಉತ್ತರ ಪ್ರದೇಶದಿಂದ ತೀರ್ಥಯಾತ್ರೆಗೆ ಬಂದವರು. ನಿಯಮ ಮೀರಿ ಒಳಗೆ ತಂದಿದ್ದ ಗ್ಯಾಸ್ ಸಿಲಿಂಡರ್ ಅದಕ್ಕೆ ಕಾರಣವೆಂದು ರೈಲ್ವೆ ಹೇಳಿತು. ಒಂಬತ್ತು ಮಂದಿ ಸತ್ತರು. ಅಲ್ಲಿ ಯಾರಿಗೂ ಕೇಡು ಮಾಡುವ ಮನಸ್ಸಿರಲಿಲ್ಲ, ಮನೆಯಲ್ಲಿ ನಿತ್ಯ ಬಳಸುವ ವಸ್ತುವನ್ನು ಜೊತೆಗೆ ತಂದಿದ್ದರು, ಅಷ್ಟೇ.

ಬಸ್ಸಿನದೂ ಅದೇ ಕಥೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ರಾತ್ರಿ ಹೊರಡುವ ಸ್ಲೀಪರ್ ಬಸ್ಸುಗಳಲ್ಲಿ ಚೀಲವನ್ನು ಕೆಳಗಿನ ಡಿಕ್ಕಿಗೆ ತಳ್ಳಿ ನಾವು ಮೇಲೆ ಮಲಗುತ್ತೇವೆ. ನಮ್ಮ ಚೀಲದ ಮೇಲೆ ಏನು ಬಿತ್ತು, ಯಾವ ಬದಿಗೆ ಮಗುಚಿತು, ಯಾರಿಗೂ ಗೊತ್ತಾಗುವುದಿಲ್ಲ. ದೆಹಲಿಯಿಂದ ವಿಮಾನದಲ್ಲಿ ಓಡಾಡುವವರಿಗೆ ಇನ್ನೂ ಬಿಗಿ. ಸೀಮೆಎಣ್ಣೆಗೆ ಕೈಚೀಲದಲ್ಲೂ ಜಾಗವಿಲ್ಲ, ಚೆಕ್-ಇನ್ ಸಾಮಾನಿನಲ್ಲೂ ಇಲ್ಲ. ಒಮ್ಮೆ ಉರಿಸಿದ ಕಂದೀಲನ್ನು ವಾಸನೆ ಬಂತೆಂದು ತೆಗೆದಿಟ್ಟರೆ ವಾದಿಸಿ ಪ್ರಯೋಜನವಿಲ್ಲ. ವಿಮಾನಕ್ಕೆ ಎಣ್ಣೆಯನ್ನೇ ಕಾಣದ ಹೊಸ ಕಂದೀಲು ಸರಿ, ಹಳೆಯದನ್ನು ಬಿಟ್ಟುಬಿಡಿ.

ಹಾಗಾದರೆ ಊರಿನ ಕಂದೀಲನ್ನು ತರುವುದು ಹೇಗೆ? ಎಣ್ಣೆಯನ್ನು ಪೂರ್ತಿ ಬಸಿದು, ಬತ್ತಿಯನ್ನು ಹೊರಗೆಳೆದು ಅಲ್ಲೇ ಬಿಡಿ. ಹೊಸ ಬತ್ತಿಗೆ ಹೆಚ್ಚು ದುಡ್ಡಿಲ್ಲ. ಬುಡ್ಡಿಯ ಮುಚ್ಚಳ ತೆಗೆದು ಗಾಳಿಯಾಡುವ ನೆರಳಿನಲ್ಲಿ ಒಂದೆರಡು ದಿನ ಬೋರಲು ಹಾಕಿ. ನಂತರ ಸೋಪಿನ ನೀರು ಹಾಕಿ ಕುಲುಕಿ ತೊಳೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ. ಒಳಗೆ ನೀರು ಉಳಿದರೆ ತುಕ್ಕು. ವಾಸನೆ ಹೋಯಿತೇ ಎಂದು ನೀವು ಮೂಸಿ ನೋಡಬೇಡಿ, ನಿಮ್ಮ ಮೂಗು ಆಗಲೇ ಹೊಂದಿಕೊಂಡಿರುತ್ತದೆ. ಮನೆಯ ಬೇರೆ ಯಾರಿಗಾದರೂ ಕೊಡಿ. ನಾನು ಹೀಗೆ ತೊಳೆದು ಒಣಗಿಸಿಟ್ಟಾಗ ಅವ್ವನ ತಕರಾರು ಬೇರೆಯೇ ಆಗಿತ್ತು. ‘ಮನಿ ದೀಪ ಅದು, ಬರಿದ ಮಾಡಿ ಒಯ್ಯಬಾರದೋ ತಮ್ಮಾ.’ ಖಾಲಿ ಡಬ್ಬಿಯನ್ನೇ ನೆರೆಮನೆಗೆ ವಾಪಸ್ ಕೊಡದವಳು ಅವಳು. ಕಡೆಗೆ ಒಂದು ಚಿಟಿಕೆ ಸಕ್ಕರೆಯನ್ನು ಕಾಗದದಲ್ಲಿ ಮಡಚಿ ಹಿಡಿಕೆಗೆ ಕಟ್ಟಿದಳು. ರೈಲ್ವೆಯವರ ಆಕ್ಷೇಪಕ್ಕೂ ಸಿಕ್ಕದ, ಶಾಸ್ತ್ರಕ್ಕೂ ಸಲ್ಲುವ ಪರಿಹಾರ.

ಇಲ್ಲಿ ಒಂದು ಅಡ್ಡಮಾತು. ಪುಣೆಯಿಂದ ಮಿರಜ್ ಮೇಲೆ ಬೆಳಗಾವಿ, ಹುಬ್ಬಳ್ಳಿಗೆ ಹೋಗುವ ರೈಲು ಕರಾಡ ನಿಲ್ದಾಣದಲ್ಲಿ ನಿಲ್ಲುತ್ತದಲ್ಲ, ಆ ನಿಲ್ದಾಣ ಇರುವುದು ಕರಾಡ ಊರಿನಿಂದ ತುಸು ದೂರದ ಓಗಲೆವಾಡಿಯಲ್ಲಿ. ಓಗಲೆ ಸೋದರರ ಗಾಜಿನ ಕಾರ್ಖಾನೆಯಿಂದ ಬಂದ ಹೆಸರು ಅದು. ಔಂಧ್ ಸಂಸ್ಥಾನದ ಪಂತಪ್ರತಿನಿಧಿಗಳ ಆಸರೆಯಲ್ಲಿ ಬೆಳೆದ ಕಾರ್ಖಾನೆ. ಕಂದೀಲಿನ ಗಾಜಷ್ಟೇ ಅಲ್ಲ, ಇಡೀ ಕಂದೀಲನ್ನೇ ಅವರು ‘ಪ್ರಭಾಕರ’ ಎಂಬ ಹೆಸರಿನಲ್ಲಿ ತಯಾರಿಸಿದರು. ಸ್ವದೇಶಿ ಚಳವಳಿಯ ಕಾಲಕ್ಕೆ ವಿಲಾಯಿತಿ ಕಂದೀಲಿಗೆ ಎದುರು ನಿಂತ ಮಾಲು. ಅದೇ ಹಳಿಯ ಮೇಲೆ ಇನ್ನೊಂದಿಷ್ಟು ಮುಂದೆ ಕಿರ್ಲೋಸ್ಕರವಾಡಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಅದೇ ಔಂಧ್ ಸಂಸ್ಥಾನದ ನೆಲದಲ್ಲಿ ಕಟ್ಟಿದ ಊರು. ಧಾರವಾಡ, ಬೆಳಗಾವಿ, ವಿಜಯಪುರಗಳು ಆಗ ಮುಂಬೈ ಪ್ರಾಂತದಲ್ಲೇ ಇದ್ದವು, ಹಾಗಾಗಿ ಈ ಕಡೆಯ ಕಂದೀಲು ನಮ್ಮ ಕಡೆಯ ಸಂತೆಗೆ ಬಂದದ್ದು ಸಹಜ. ನಮ್ಮ ಮನೆಯ ಅಟ್ಟದಲ್ಲಿದ್ದದ್ದೂ ಪ್ರಭಾಕರವೇ. ಅಂದರೆ ನಾನು ಪುಣೆಗೆ ತಂದ ಕಂದೀಲು, ದಾರಿಯಲ್ಲಿ ತಾನು ಹುಟ್ಟಿದ ಊರನ್ನು ದಾಟಿಕೊಂಡೇ ಬಂತು. ಮುಂದಿನ ಸಲ ಕರಾಡದಲ್ಲಿ ಎಚ್ಚರವಿದ್ದರೆ ಕಿಟಕಿಯಿಂದ ಇಣುಕಿ. ಕಾರ್ಖಾನೆಯ ಆ ವೈಭವ ಈಗಿಲ್ಲ, ಹೆಸರು ಮಾತ್ರ ಉಳಿದಿದೆ.

ತಂದ ಕಂದೀಲನ್ನು ನೇರ ಬೆಟ್ಟಕ್ಕೆ ಒಯ್ಯಬೇಡಿ. ಮೂವತ್ತು ವರ್ಷ ಅಟ್ಟದಲ್ಲಿದ್ದ ತಗಡು ಹೊರಗೆ ಗಟ್ಟಿಯಾಗಿ ಕಂಡರೂ ತಳದ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಪುಣೆಯಲ್ಲಿ ಎಣ್ಣೆ ಕೊಂಡ ಮೇಲೆ ಅರ್ಧ ಬುಡ್ಡಿ ತುಂಬಿ, ಬಾಲ್ಕನಿಯಲ್ಲಿ ಹಳೆಯ ಪೇಪರಿನ ಮೇಲೆ ಒಂದು ರಾತ್ರಿ ಇಡಿ. ಹಚ್ಚಬೇಡಿ, ಸುಮ್ಮನೆ ಇಡಿ. ಬೆಳಗ್ಗೆ ಪೇಪರಿನ ಮೇಲೆ ನಾಲ್ಕಾಣೆಯಷ್ಟು ಕಲೆ ಕಂಡರೂ ಆ ಕಂದೀಲು ಷೋಕೇಸಿಗೆ. ಎಂಸೀಲ್ ಮೆತ್ತಿ ಒಯ್ಯುವ ಜಾಣರೂ ಇದ್ದಾರೆ, ಅವರ ಪಕ್ಕ ಟೆಂಟು ಹಾಕಬೇಡಿ.

ಇನ್ನು ಎಣ್ಣೆ. ಹೊರನಾಡಿನಲ್ಲಿ ಮೊದಲ ತೊಡಕು ಹೆಸರಿನದು. ಬೆಂಗಳೂರು, ಮೈಸೂರಿನವರಿಗೆ ಸೀಮೆಎಣ್ಣೆ. ಸೀಮೆಸುಣ್ಣ, ಸೀಮೆಬದನೆಯ ಹಾಗೆ ಸೀಮೆಯಾಚೆಯಿಂದ ಬಂದದ್ದು. ನಮ್ಮ ಧಾರವಾಡದ ಕಡೆ ಚಿಮಣಿ ಎಣ್ಣಿ. ಗಾಜಿಲ್ಲದ ಪುಟ್ಟ ತಗಡಿನ ದೀಪವೇ ಚಿಮಣಿ, ಅದಕ್ಕೆ ಹಾಕುವುದು ಚಿಮಣಿ ಎಣ್ಣಿ. ಪುಣೆಯ ಹಳೆಯ ಅಂಗಡಿಕಾರರಿಗೆ ಇವೆರಡೂ ತಿಳಿಯುವುದಿಲ್ಲ. ರಾಕೇಲ್ ಅನ್ನಬೇಕು, ಇನ್ನೂ ವಯಸ್ಸಾದವರಾದರೆ ಘಾಸಲೇಟ್. ದೀಪಾವಳಿಯ ಹೊತ್ತಿಗೆ ಇಲ್ಲಿ ಕಂದೀಲು ಕೇಳಿದರೆ ಬಣ್ಣದ ಕಾಗದದ ಆಕಾಶಬುಟ್ಟಿ ತೋರಿಸುತ್ತಾರೆ, ಅದು ಬೇರೆ ಫಜೀತಿ.

ಎರಡನೆಯ ತೊಡಕು ಹೆಚ್ಚು ಮುಖ್ಯ. ಕಿರಾಣಿ ಅಂಗಡಿಯಲ್ಲಿ ‘ಲ್ಯಾಂಪ್ ಆಯಿಲ್’ ಎಂದು ಬರೆದ ಬಾಟಲಿ ಸಿಗುತ್ತದೆ. ಬಹುಪಾಲು ಅದು ದೇವರ ದೀಪದ ಎಣ್ಣೆ. ಹಣತೆಯಲ್ಲಿ ಎಣ್ಣೆಯ ಮಟ್ಟ ಜ್ವಾಲೆಗೆ ಒಂದು ಬೆರಳು ಕೆಳಗಷ್ಟೇ ಇರುವುದರಿಂದ ಮಂದ ಎಣ್ಣೆಯೂ ಬತ್ತಿ ಏರುತ್ತದೆ. ಕಂದೀಲಿನಲ್ಲಿ ಅದು ಇನ್ನೂ ಹೆಚ್ಚು ಎತ್ತರ ಹತ್ತಬೇಕು. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆಯಿಂದ ಆಗದ ಕೆಲಸ. ಐದು ನಿಮಿಷ ಉರಿದು ಬತ್ತಿಯೇ ಸುಟ್ಟು ಆರುತ್ತದೆ. ಡೀಸೆಲ್ ಏರುತ್ತದೆ, ಆದರೆ ಮಸಿ ಮತ್ತು ಗಬ್ಬು. ಪೇಂಟಿನ ಅಂಗಡಿಯ ಥಿನ್ನರ್, ಟರ್ಪೆಂಟೈನ್ ಕಂದೀಲಿನ ಹತ್ತಿರವೂ ಬರಬಾರದು. ಪೆಟ್ರೋಲ್ ಬೆರೆತ ಎಣ್ಣೆಯಂತೂ ಬಾಂಬು. ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬೇಕು, ಪೆಟ್ರೋಲಿಗೆ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಸಾಕು. ಇಷ್ಟು ದೊಡ್ಡ ಅಂತರವೇ ಕಂದೀಲನ್ನು ಇಷ್ಟು ಕಾಲ ಮನೆಯೊಳಗೆ ಇಟ್ಟುಕೊಳ್ಳುವಂತೆ ಮಾಡಿದ್ದು. ಬೇಕಾದದ್ದು ಬಿಳಿ ಸೀಮೆಎಣ್ಣೆ, ಇಲ್ಲವೇ ಕಂದೀಲಿಗೆಂದೇ ಬರುವ ದ್ರವ ಪ್ಯಾರಾಫಿನ್. ಬಾಟಲಿಯ ಮೇಲೆ ಪ್ಯಾರಾಫಿನ್ ಎಂದು ಬರೆದಿದೆಯೇ ನೋಡಿಕೊಂಡು ಕೊಳ್ಳಿ.

ಈಗ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳದ ಒಂದು ವಿಷಯ. ರೇಷನ್ ಅಂಗಡಿಯ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿರುತ್ತಾರೆ. ನಾವು ಚಿಕ್ಕವರಿದ್ದಾಗ ಕಂಡದ್ದು ಅದೇ, ದೂರದಿಂದಲೇ ಗುರುತು ಸಿಗುತ್ತಿತ್ತು. ಈಗ ಕೊಳ್ಳುವ ಬಿಳಿ ಸೀಮೆಎಣ್ಣೆ, ಪ್ಯಾರಾಫಿನ್ ಎರಡೂ ನೋಡಲು ಥೇಟ್ ನೀರು. ಒಳ್ಳೆಯ ಪ್ಯಾರಾಫಿನ್ನಿಗೆ ವಾಸನೆಯೂ ಇಲ್ಲ. ಅದನ್ನು ನಮ್ಮವರು ಎಲ್ಲಿ ತುಂಬುತ್ತಾರೆ? ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ. ಟೆಂಟಿನ ಬಾಗಿಲಲ್ಲಿ ನೀರಿನ ಆರು ಬಾಟಲಿ ಸಾಲಾಗಿವೆ, ಏಳನೆಯದು ಎಣ್ಣೆಯದು. ರಾತ್ರಿ ಎರಡು ಗಂಟೆಗೆ ಬಾಯಾರಿದ ಮಗು ಕೈಚಾಚುತ್ತದೆ. ಸೀಮೆಎಣ್ಣೆ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೆಚ್ಚು ಕೇಡು. ನುಂಗುವಾಗ ಕೆಮ್ಮಿದರೆ, ವಾಂತಿಯಾದರೆ, ಒಂದಿಷ್ಟು ಒಳಗೆಳೆದುಕೊಂಡು ಶ್ವಾಸಕೋಶ ಉರಿದುಹೋಗುತ್ತದೆ. ಅದಕ್ಕೇ ಸೀಮೆಎಣ್ಣೆ ಕುಡಿದವರಿಗೆ ವಾಂತಿ ಮಾಡಿಸಬಾರದು. ಉಪ್ಪುನೀರು ಕುಡಿಸುವ, ಗಂಟಲಿಗೆ ಬೆರಳು ಹಾಕುವ ಮನೆಮದ್ದು ಇಲ್ಲಿ ಕೊಲ್ಲುತ್ತದೆ. ಚೆನ್ನಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಕಣಿವೆಯ ತಳದ ಕೆರೆಯಂಚಿನಿಂದ ಆಸ್ಪತ್ರೆಗೆ ಎಷ್ಟು ಹೊತ್ತು ಎಂಬುದನ್ನು ಟೆಂಟು ಹೊಡೆಯುವ ಮೊದಲೇ ಯೋಚಿಸಿ.

ಹಾಗಾಗಿ ನಮ್ಮ ಗುಂಪಿನಲ್ಲಿ ಎಣ್ಣೆಗೆ ಲೋಹದ ಕ್ಯಾನು ಮಾತ್ರ. ಅರ್ಧ ಲೀಟರಿನದು, ತಿರುಪು ಮುಚ್ಚಳದ್ದು, ಸುತ್ತ ಕೆಂಪು ಟೇಪು, ಮೇಲೆ ಕನ್ನಡ, ಮರಾಠಿ ಎರಡರಲ್ಲೂ ‘ವಿಷ’. ಅದು ಅಡುಗೆ ಸಾಮಾನಿನ ಚೀಲದಲ್ಲಿ ಹೋಗುವುದಿಲ್ಲ, ಟೆಂಟಿನೊಳಗೆ ಮಲಗುವುದೂ ಇಲ್ಲ. ಕಾರಿನಲ್ಲಿ ಒಂದು ಬಕೆಟ್ಟಿನೊಳಗೆ ನೇರ ನಿಲ್ಲಿಸಿ ಡಿಕ್ಕಿಯಲ್ಲಿ ಇಡುತ್ತೇವೆ, ಸುತ್ತ ಹಳೆಯ ಟವೆಲ್ ತುರುಕಿ. ಕಾರನ್ನು ಬಿಸಿಲಿಗೆ ನಿಲ್ಲಿಸಿ ಮಿಸಳ್ ತಿನ್ನಲು ಕೂತರೆ ಡಿಕ್ಕಿಯ ಶಾಖ 50 ಡಿಗ್ರಿ ದಾಟಬಹುದು, ಅಂದರೆ ಮೇಲೆ ಹೇಳಿದ 40ರ ಗಡಿ ಮುಗಿಯಿತು. ನೆರಳು ಹುಡುಕಿ. ಕ್ಯಾನನ್ನು ಕಂಠಮಟ್ಟ ತುಂಬಬೇಡಿ.

ಇಷ್ಟೆಲ್ಲ ಕಷ್ಟಪಟ್ಟು ಒಯ್ಯುವ ಈ ವಸ್ತು ದೀಪವಾಗಿ ಹೇಗೆ? ಎಂಜಿನಿಯರನಾಗಿ ಹೇಳುವುದಾದರೆ ಬಹಳ ಕಳಪೆ. ಜರ್ಮನಿಯ ಫ್ಯೂಯರ್‌ಹ್ಯಾಂಡ್ ಕಂಪನಿ ಇಂದಿಗೂ ತಯಾರಿಸುವ 276 ಮಾದರಿಯ ಕಂದೀಲನ್ನೇ ತೆಗೆದುಕೊಳ್ಳಿ. 340 ಮಿಲಿಲೀಟರ್ ಎಣ್ಣೆಗೆ ಸುಮಾರು 20 ಗಂಟೆ ಉರಿಯುತ್ತದೆ. ಗಂಟೆಗೆ 17 ಮಿಲಿಲೀಟರ್. ಆ ಎಣ್ಣೆಯ ಶಕ್ತಿಯನ್ನು ಲೆಕ್ಕ ಹಾಕಿದರೆ 160 ವ್ಯಾಟ್ ಹತ್ತಿರ ಬರುತ್ತದೆ. ಬೆಳಕು ಮಾತ್ರ ಏಳೆಂಟು ಮೇಣದಬತ್ತಿಯಷ್ಟು. ಅಷ್ಟು ಬೆಳಕನ್ನು ಒಂದು ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಉಳಿದದ್ದೆಲ್ಲ ಶಾಖ. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವ್ಯಾಟ್ ಶಾಖ ಬಿಡುತ್ತದೆ, ಆ ಲೆಕ್ಕದಲ್ಲಿ ಕಂದೀಲು ಎಂದರೆ ಪಕ್ಕದಲ್ಲಿ ಕೂತ ಒಂದೂವರೆ ಮನುಷ್ಯ. ಬಳ್ಳಾರಿಯ ಗೆಳೆಯನ ಆಕ್ಷೇಪ ಲೆಕ್ಕದಲ್ಲಿ ಸರಿ.

ಆದರೆ ಅವನೇ ಪವನಾ ಕೆರೆಯ ದಂಡೆಗೆ ಬಂದಾಗ ನಾನು ಕಂಡದ್ದು ಬೇರೆ. ಡಿಸೆಂಬರಿನ ರಾತ್ರಿ, ಹಳ್ಳಿಯವರೊಬ್ಬರು ತಮ್ಮ ಹೊಲದಲ್ಲಿ ಬಾಡಿಗೆಗೆ ಕೊಟ್ಟ ಜಾಗ, ನಾವು ಒಂಬತ್ತು ಮಂದಿ. ಮೊದಲ ಒಂದು ಗಂಟೆ ಎಲ್ಲರ ಹಣೆಯ ಮೇಲೂ ಹೆಡ್‌ಲ್ಯಾಂಪ್. ಮಾತಾಡಲು ಮುಖ ತಿರುಗಿಸಿದರೆ ಎದುರಿನವನ ಕಣ್ಣಿಗೆ ಬೆಳಕು ಚುಚ್ಚುತ್ತದೆ, ಹಾಗಾಗಿ ಎಲ್ಲರೂ ಬೇರೆ ಬೇರೆ ಕಡೆ ನೋಡುತ್ತ ಮಾತಾಡುತ್ತಿದ್ದರು. ಕಂದೀಲು ಹಚ್ಚಿ ಚಪ್ಪಟೆ ಕಲ್ಲಿನ ಮೇಲೆ ಇಟ್ಟ ಮೇಲೆ ಹೆಡ್‌ಲ್ಯಾಂಪುಗಳು ಒಂದೊಂದಾಗಿ ಆರಿದವು. ಜನ ತಾವಾಗಿಯೇ ಹತ್ತಿರ ಸರಿದರು. ಬೆಳಕು ಎರಡು ಮಾರು ದೂರಕ್ಕಷ್ಟೇ ಸಾಕಾಗುತ್ತಿತ್ತು, ಅದರಾಚೆ ಕೂತರೆ ಮುಖ ಕಾಣುವುದಿಲ್ಲ. ಹೈದರಾಬಾದಿನಿಂದ ಬಂದಿದ್ದ ಕಲಬುರಗಿಯ ಹುಡುಗಿಯೊಬ್ಬಳು, ಲೋಡ್‌ಶೆಡ್ಡಿಂಗ್ ದಿನಗಳಲ್ಲಿ ಒಂದೇ ಕಂದೀಲಿನ ಸುತ್ತ ಮೂವರು ಮಕ್ಕಳು ಓದುವಾಗ ಗಾಜಿನ ಮಸಿ ಇರುವ ಬದಿ ಯಾರಿಗೆ ಎಂದು ಜಗಳವಾಗುತ್ತಿದ್ದದ್ದನ್ನು ಹೇಳಿದಳು. ಎಲ್ಲರ ಮನೆಯಲ್ಲೂ ಆ ಜಗಳ ಇತ್ತು ಎಂದು ಗೊತ್ತಾಯಿತು. ಬಳ್ಳಾರಿಯವ ರಾತ್ರಿ ಹನ್ನೆರಡರವರೆಗೆ ಎದ್ದು ಹೋಗಲಿಲ್ಲ. ಬೆಳಗ್ಗೆ ಮತ್ತೆ ಎಲ್‌ಇಡಿಯ ಪರ ವಾದ ಶುರು ಮಾಡಿದ, ಅದು ಬೇರೆ ಮಾತು.

ಹೆಡ್‌ಲ್ಯಾಂಪನ್ನು ಮನೆಯಲ್ಲಿ ಬಿಟ್ಟು ಬನ್ನಿ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಶೌಚಕ್ಕೆ ಹೋಗಲು, ಹಾವು ಚೇಳು ನೋಡಲು, ಕಾಲುದಾರಿ ಹುಡುಕಲು ಅದೇ ಬೇಕು. ಉರಿವ ಕಂದೀಲನ್ನು ಕೈಯಲ್ಲಿ ಹಿಡಿದು ಬೆಟ್ಟ ಇಳಿಯುವುದು ಸಿನಿಮಾಕ್ಕೆ ಸರಿ. ಕಂದೀಲು ಇಟ್ಟ ಕಡೆ ಕೂರುವ ದೀಪ.

ಹಚ್ಚುವ ವಿದ್ಯೆ ನಮ್ಮ ಹಿರಿಯರಿಗೆ ಹೇಳಿಕೊಡಬೇಕಿರಲಿಲ್ಲ, ನಮ್ಮ ವಯಸ್ಸಿನವರಿಗೆ ಹೇಳಲೇಬೇಕಾಗಿದೆ. ಹೊಸ ಬತ್ತಿಯನ್ನು ಎಣ್ಣೆಯಲ್ಲಿ ಅರ್ಧ ಗಂಟೆ ನೆನೆಯಲು ಬಿಡಿ. ತುದಿಯನ್ನು ಕತ್ತರಿಯಿಂದ ನೇರ ಕತ್ತರಿಸಿ, ಎರಡು ಮೂಲೆಗಳನ್ನು ಕೂದಲೆಳೆಯಷ್ಟು ಸವರಿ. ಮೂಲೆ ಚೂಪಾಗಿದ್ದರೆ ಜ್ವಾಲೆಗೆ ಕೋಡು ಮೂಡಿ ಗಾಜಿಗೆ ಮಸಿ ಹಿಡಿಯುತ್ತದೆ. ಹಚ್ಚಿದ ಕೂಡಲೇ ಬತ್ತಿ ಏರಿಸಬೇಡಿ. ಐದು ನಿಮಿಷ ಸಣ್ಣಗೆ ಉರಿದು ಗಾಜು ಬೆಚ್ಚಗಾಗಲಿ. ಚಳಿಯ ರಾತ್ರಿ ತಣ್ಣಗಿನ ಗಾಜಿಗೆ ಒಮ್ಮೆಲೇ ಶಾಖ ತಾಗಿದರೆ, ಅಥವಾ ಬಿಸಿ ಗಾಜಿಗೆ ಇಬ್ಬನಿಯ ಹನಿ ಬಿದ್ದರೆ, ಟಪ್ ಎಂದು ಸೀಳುತ್ತದೆ. ಹೊಗೆ ಕಾಣುವವರೆಗೆ ಬತ್ತಿ ಏರಿಸಿ, ಅಲ್ಲಿಂದ ತುಸು ಇಳಿಸಿದರೆ ಅದೇ ಸರಿಯಾದ ಮಟ್ಟ. ಅದಕ್ಕಿಂತ ಹೆಚ್ಚು ಬೆಳಕು ಅದರಲ್ಲಿ ಇಲ್ಲ.

ಗಾಳಿಗೆ ಆರುವುದಿಲ್ಲ ಏಕೆ ಎಂದು ಮಕ್ಕಳು ಕೇಳುತ್ತಾರೆ. ಎರಡು ಬದಿಯ ಕೊಳವೆಗಳೇ ಅದರ ಗುಟ್ಟು. ನಾವೆಲ್ಲ ಅವನ್ನು ಗಾಜು ಕಾಯುವ ಸರಳು ಅಂದುಕೊಂಡವರು. ಅಮೆರಿಕದ ಜಾನ್ ಇರ್ವಿನ್ ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಮಾಡಿದ ಉಪಾಯ ಅದು. ಮೊದಲ ವಿನ್ಯಾಸದಲ್ಲಿ ಮೇಲೇರಿದ ಬಿಸಿ ಗಾಳಿಯ ಒಂದು ಪಾಲು ಕೊಳವೆಯಲ್ಲಿ ಇಳಿದು ಮತ್ತೆ ಬರ್ನರ್‌ಗೆ ಬರುತ್ತಿತ್ತು. ಉರಿದು ಹಳಸಿದ ಗಾಳಿಯಾದ್ದರಿಂದ ಬೆಳಕು ಮಂದ. ನಂತರದ ವಿನ್ಯಾಸದಲ್ಲಿ ಮೇಲಿನ ಟೊಪ್ಪಿಗೆಯ ಸುತ್ತಲಿಂದ ಹೊಸ ಗಾಳಿಯನ್ನು ಎಳೆದು ಕೆಳಗೆ ಕೊಟ್ಟ, ಬೆಳಕು ಪ್ರಖರವಾಯಿತು. ಹೊರಗೆ ಗಾಳಿ ಬೀಸಿದಾಗ ಮೇಲೂ ಕೆಳಗೂ ಒತ್ತಡ ಒಟ್ಟಿಗೇ ಏರುವುದರಿಂದ ಜ್ವಾಲೆ ಅಲುಗುತ್ತದೆ, ಆರುವುದಿಲ್ಲ. ಒಂದೂವರೆ ಶತಮಾನ ಕಳೆದರೂ ವಿನ್ಯಾಸ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ವಾರಕ್ಕೊಂದು ಅಪ್‌ಡೇಟ್ ಬಿಡುವ ನಮ್ಮ ವೃತ್ತಿಯವರು ನೋಡಿ ಹೊಟ್ಟೆಕಿಚ್ಚು ಪಡಬೇಕು.

ಟೆಂಟಿನೊಳಗೆ ಕಂದೀಲು ಬೇಡ. ಚಳಿ ಎಷ್ಟೇ ಇರಲಿ, ಜಿಪ್ ಅರ್ಧ ತೆರೆದಿದ್ದರೂ ಬೇಡ. ಒಂದೂವರೆ ಮನುಷ್ಯನ ಶಾಖ ಎಂದೆನಲ್ಲ, ಅದನ್ನು ಓದಿ ಯಾರಿಗಾದರೂ ಟೆಂಟು ಬೆಚ್ಚಗಾದೀತು ಎನಿಸಿದ್ದರೆ ಇಲ್ಲೇ ಮರೆತುಬಿಡಿ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ಇಳಿದಂತೆ ಜ್ವಾಲೆ ಪೂರ್ತಿ ಉರಿಯದೆ ಇಂಗಾಲದ ಮಾನಾಕ್ಸೈಡ್ ಹೆಚ್ಚುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರನ್ನು ಎಬ್ಬಿಸುವುದೂ ಇಲ್ಲ. ಮೇಲಿನ ಟೊಪ್ಪಿಗೆಗೆ ತಾಗಿದ ನೈಲಾನ್ ಕ್ಷಣದಲ್ಲಿ ಕರಗುತ್ತದೆ. ಹೊರಗೂ ಹುಲ್ಲಿನ ಮೇಲೆ ಇಡಬೇಡಿ. ಡಿಸೆಂಬರ್ ದಾಟಿದರೆ ಸಹ್ಯಾದ್ರಿಯ ಹುಲ್ಲು ಹಪ್ಪಳದಂತೆ ಒಣಗಿರುತ್ತದೆ. ಸುತ್ತ ಒಂದು ಮಾರು ಗುಡಿಸಿದ ಮಣ್ಣು ಅಥವಾ ಬಂಡೆ ಇರಲಿ, ಪಕ್ಕದಲ್ಲಿ ಒಂದು ಡಬ್ಬಿ ಮರಳಿರಲಿ. ಎಣ್ಣೆಯ ಬೆಂಕಿಗೆ ನೀರು ಎರಚಿದರೆ ಬೆಂಕಿ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ. ಎಣ್ಣೆ ಮುಗಿಯಿತೆಂದು ಉರಿಯುತ್ತಿರುವಾಗಲೇ ಸುರಿಯುವವರನ್ನು ಕಂಡಿದ್ದೇನೆ. ಆರಿಸಿ, ಬುಡ್ಡಿಯನ್ನು ಮುಟ್ಟಿ ತಣ್ಣಗಿದೆಯೇ ನೋಡಿ, ಆಮೇಲೆ ಸುರಿಯಿರಿ.

ಮೀಸಲು ಅರಣ್ಯದೊಳಗೆ ಕಂದೀಲೇ ಸಲ್ಲದು. 1927ರ ಭಾರತೀಯ ಅರಣ್ಯ ಕಾಯ್ದೆಯ 26ನೇ ಕಲಮು, ಅರಣ್ಯಾಧಿಕಾರಿ ಪ್ರಕಟಿಸಿದ ಋತು ಬಿಟ್ಟು ಬೇರೆ ಕಾಲದಲ್ಲಿ ಅಲ್ಲಿ ಬೆಂಕಿ ಹೊತ್ತಿಸುವುದನ್ನಷ್ಟೇ ಅಲ್ಲ, ಬೆಂಕಿಯನ್ನು ಇಟ್ಟುಕೊಳ್ಳುವುದನ್ನೂ ಒಯ್ಯುವುದನ್ನೂ ಅಪರಾಧ ಎನ್ನುತ್ತದೆ. ಗಾಜಿನೊಳಗಿದ್ದರೂ ಬೆಂಕಿ ಬೆಂಕಿಯೇ. ಚೆನ್ನೈನವರು, ಹೈದರಾಬಾದಿನವರು ತಾವು ಹೋಗುವ ಬೆಟ್ಟ ಯಾರ ವಶದಲ್ಲಿದೆ ಎಂದು ಮೊದಲೇ ಕೇಳಿಕೊಳ್ಳಿ. ನಾವು ಹೊಲದವರ ಖಾಸಗಿ ಜಾಗವನ್ನೇ ಆರಿಸಿಕೊಳ್ಳುವುದು ಇದಕ್ಕೇ, ಅವರ ಅನುಮತಿಯೂ ಕೇಳಿಯೇ ಹಚ್ಚುವುದು.

ಮೇ ಕೊನೆಯಿಂದ ಜೂನ್ ನಡುವಿನವರೆಗೆ, ಮಳೆ ಹಿಡಿಯುವ ಮುನ್ನ, ಭಂಡಾರದರಾ, ರಾಜಮಾಚಿ ಕಡೆಗೆ ಮಿಂಚುಹುಳ ನೋಡಲು ಪುಣೆ, ಮುಂಬೈಯಿಂದ ಜನ ಸಾಲುಗಟ್ಟಿ ಹೋಗುತ್ತಾರೆ. ಆಗ ಕಂದೀಲನ್ನು ಮನೆಯಲ್ಲೇ ಬಿಟ್ಟು ಹೋಗಿ. ಗಂಡುಹುಳು ಹೆಣ್ಣನ್ನು ಕರೆಯುವುದು ಮಿನುಗಿನಿಂದಲೇ, ನಮ್ಮ ಬೆಳಕು ನಡುವೆ ಬಂದರೆ ಆ ಕರೆ ಕಾಣದೆ ಹೋಗುತ್ತದೆ. ಅಲ್ಲಿ ಹೆಡ್‌ಲ್ಯಾಂಪಿಗೂ ಮೊಬೈಲಿಗೂ ಇದೇ ಮಾತು ಅನ್ವಯ.

ಬೆಳಗ್ಗೆ ಹೊರಡುವ ಮುನ್ನ ಅರ್ಧ ಗಂಟೆ ಕಂದೀಲಿಗೆ ಮೀಸಲಿಡಿ. ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ಹಾಕಿ. ನೆಲಕ್ಕೆ ಚೆಲ್ಲಬೇಡಿ, ಕೆರೆಯ ದಂಡೆಯಲ್ಲಂತೂ ಸುತರಾಂ ಬೇಡ. ಗಾಜನ್ನು ಒಲೆಯ ನುಣ್ಣನೆ ಬೂದಿ ಹಚ್ಚಿ ಹಳೆಯ ಪೇಪರಿನಿಂದ ಒರೆಸಿದರೆ ಯಾವ ಲಿಕ್ವಿಡ್ಡೂ ಬೇಡ. ಸಂಜೆ ಶಾಲೆಯಿಂದ ಬಂದ ಮೇಲೆ ನಮ್ಮಲ್ಲಿ ಹಲವರ ಪಾಲಿನ ಕೆಲಸ ಅದೇ ಆಗಿತ್ತು, ಕೈಗೆ ಇನ್ನೂ ನೆನಪಿರುತ್ತದೆ. ಒರೆಸಿದ ಗಾಜಿನೊಳಗೆ ಒಂದು ಉಣ್ಣೆಯ ಕಾಲುಚೀಲ ತುರುಕಿ, ಹೊರಗೆ ಇನ್ನೊಂದನ್ನು ತೊಡಿಸಿ, ಸ್ಟೀಲ್ ಡಬ್ಬಿಯಲ್ಲಿ ಇಡಿ. ಚೌಕಟ್ಟು ಬೇರೆ ಬಟ್ಟೆಯ ಚೀಲಕ್ಕೆ. ಕಾಲುಚೀಲ ಒಗೆದದ್ದಾಗಿರಲಿ, ಎರಡು ದಿನ ಬೆಟ್ಟ ಹತ್ತಿದ್ದನ್ನು ತುರುಕಿದರೆ ಮುಂದಿನ ಸಲ ಡಬ್ಬಿ ತೆರೆಯಲು ಯಾರೂ ಮುಂದೆ ಬರುವುದಿಲ್ಲ.